ಕಾರ್ಡಿನೊಳಗೆ ಬರೆಯಬೇಕಾದದ್ದು

ಜನವರಿ 9

ಅಣ್ಣ,

ಚೆನ್ನಾಗಿದ್ದೀಯಾ ಎಂದು ಕೇಳಿದರೆ ‘ಹೂಂ’ ಎನ್ನುತ್ತೀಯ, ಅದಕ್ಕೆ ಕೇಳುವುದಿಲ್ಲ. ಫೋನಿನಲ್ಲಿ ನಿನ್ನ ಜೊತೆ ಮಾತಾಡುವುದೂ ಒಂದೇ, ಗೋಡೆಯ ಜೊತೆ ಮಾತಾಡುವುದೂ ಒಂದೇ. ಗೋಡೆಯಾದರೂ ನಡುವೆ “ಕೆಲಸ ಇದೆ, ಇಡ್ತೀನಿ” ಅನ್ನುವುದಿಲ್ಲ. ಅದಕ್ಕೇ ಈ ಪತ್ರ. ಹೂಂ ಅಂತ ಒಂದೇ ಪದ ಬರೆದು ಅದಕ್ಕೊಂದು ಸ್ಟಾಂಪು ಹಚ್ಚಲು ನಿನಗೂ ನಾಚಿಕೆಯಾದೀತು ಎಂಬ ಧೈರ್ಯ ನನ್ನದು.

ಸುದ್ದಿ ಏನೆಂದರೆ, ಹೂವಿನಂಗಡಿಯಲ್ಲಿ ನನಗೆ ಬಡ್ತಿಯಾಗಿದೆ. ಆರು ವರ್ಷ ಬೊಕೆ ಸುತ್ತಿದ್ದು ಸಾಕು ಎಂದು ಯಜಮಾನಿ ನನ್ನನ್ನು ಕಾರ್ಡಿನ ಗೋಡೆಗೆ ಹಾಕಿದ್ದಾರೆ. ಎಡಗಡೆಯ ಗೋಡೆ ಪೂರ್ತಿ ಕಾರ್ಡುಗಳೇ. ಮೇಲಿನ ಸಾಲು ಹುಟ್ಟುಹಬ್ಬ, ಅದರ ಕೆಳಗೆ ಮದುವೆ, ವರ್ಷವರ್ಷ ಬರುವ ಮದುವೆಯ ದಿನ, ಮಗು, ಅಭಿನಂದನೆ, ಬೇಗ ಗುಣವಾಗಲಿ, ನಿವೃತ್ತಿ, ಕ್ಷಮೆ. ಸಾವಿನ ಕಾರ್ಡು ಮಾತ್ರ ಡ್ರಾಯರಿನೊಳಗೆ. ಹುಟ್ಟುಹಬ್ಬಕ್ಕೆ ಬಂದವರ ಕಣ್ಣಿಗೆ ಅದು ಬೀಳಬಾರದು ಎಂದು ಯಜಮಾನಿಯ ಕಟ್ಟಪ್ಪಣೆ. ಅವರದು ಇನ್ನೂ ಒಂದು ನಿಯಮವಿದೆ: ಕಾರ್ಡು ಆರಿಸುವುದಕ್ಕೆ ಸಹಾಯ ಮಾಡಬಹುದು, ಆದರೆ ಒಳಗೆ ಗಿರಾಕಿ ಹೇಳಿದ್ದನ್ನೇ ಬರೆಯಬೇಕು, ಒಂದಕ್ಷರವೂ ಹೆಚ್ಚಿಲ್ಲ, ಕಡಿಮೆಯಿಲ್ಲ. ನಿನ್ನೆ ಒಬ್ಬರು ಮುಕ್ಕಾಲು ಗಂಟೆ ಗೋಡೆ ನೋಡಿ, ಹೆಂಡತಿಯ ಹುಟ್ಟುಹಬ್ಬಕ್ಕೆ ನಿವೃತ್ತಿಯ ಕಾರ್ಡು ತೆಗೆದುಕೊಂಡರು. ಕೇಳಿದರೆ, “ಚಿತ್ರದಲ್ಲಿರೋ ದೋಣಿ ಚೆನ್ನಾಗಿದೆ” ಅಂದರು. ನಾನು ಅದನ್ನೇ ಕವರಿಗೆ ಹಾಕಿ ಕೊಟ್ಟೆ.

ಈಗ ವಿಷಯಕ್ಕೆ ಬರುತ್ತೇನೆ. ಫೆಬ್ರವರಿ ಎರಡು ಅತ್ತಿಗೆಯ ಹುಟ್ಟುಹಬ್ಬ. ನೀನು ವರ್ಗವಾಗಿ ಆ ಬಂದರಿನ ಊರು ಸೇರಿ ಮೂರು ವರ್ಷವಾಯಿತು, ಅವರು ಇಲ್ಲೇ ಉಳಿದರು. ಜಗಳವನ್ನೂ ಬಿಟ್ಟಿದ್ದೀರಿ, ಮಾತನ್ನೂ ಬಿಟ್ಟಿದ್ದೀರಿ. ನನ್ನ ಕೈಯಲ್ಲೀಗ ಒಂದು ಗೋಡೆ ಕಾರ್ಡುಗಳಿವೆ, ಹೂವೂ ಇದೆ. ಏನು ಬರೆಯಲಿ ಹೇಳು. ನಾನೇ ಹೋಗಿ ಕೊಟ್ಟು ಬರುತ್ತೇನೆ.

ತಂಗಿ


ಜನವರಿ 21

ಗುಬ್ಬಿ,

ಪತ್ರ ಬಂತು. ಇಲ್ಲಿ ಈಗ ಹದಿನೆಂಟು ಮಹಡಿಯ ಕಟ್ಟಡದ ಕೆಲಸ. ಎರಡು ಲಿಫ್ಟು ಕೂರಿಸಬೇಕು. ಒಂದು ಓಡುತ್ತಿದೆ. ಇನ್ನೊಂದು ಓಡಬೇಕೋ ಬೇಡವೋ ಎಂದು ಯೋಚಿಸುತ್ತಿದೆ.

ಹೂವು ಕಳಿಸು. ಲಿಲ್ಲಿ ಬೇಡ, ಅದರ ಪುಡಿಗೆ ಅವಳಿಗೆ ಸೀನು ಬರುತ್ತದೆ. ಹೆಚ್ಚು ದಿನ ಬಾಳುವಂಥದ್ದು ಯಾವುದಾದರೂ ಸರಿ. ಕಾರ್ಡು ಸಾದಾ ಇರಲಿ. ಒಳಗೆ ಹೀಗೆ ಬರೆ:

‘ಇವತ್ತು ನಿನಗೆ ನಲವತ್ತೇಳು. ಹಿಂದಿನ ಬಾಗಿಲಿನ ಚಿಲಕ ಸಡಿಲವಾಗಿತ್ತು. ಬಾಗಿಲನ್ನು ಸ್ವಲ್ಪ ಎತ್ತಿ ತಳ್ಳಿದರೆ ಸರಿಯಾಗಿ ಕೂರುತ್ತದೆ. ಹಾಗೆ ಮಾಡುತ್ತಿದ್ದೀಯಾ? ಹೊರಡುವ ಮುಂಚೆ ನಾನು ಅದನ್ನು ಸರಿಮಾಡಬೇಕಿತ್ತು.’

ಇಷ್ಟೇ. ನೇರವಾಗಿ ಕಾಗದ ಬರೆಯಬಾರದೇ ಎಂದು ಕೇಳಬೇಡ. ಮೂರು ಸಲ ಶುರುಮಾಡಿದೆ. ‘ಪ್ರೀತಿಯ’ ಎಂದು ಮೊದಲು ಬರೆಯಬಹುದೋ ಇಲ್ಲವೋ ತಿಳಿಯದೆ ಅಲ್ಲೇ ನಿಂತುಹೋಯಿತು. ಹೂವಿನ ಜೊತೆಗೆ ಹೋಗುವ ಕಾರ್ಡಿಗೆ ಆ ತೊಂದರೆ ಇಲ್ಲ.

ಅಣ್ಣ


ಫೆಬ್ರವರಿ 6

ಅಣ್ಣ,

ಕೊಟ್ಟು ಬಂದೆ. ಹಳದಿ ಸೇವಂತಿಗೆ, ನಡುವೆ ಬಿಳಿ ಜರ್ಬೆರಾ, ಎರಡು ವಾರಕ್ಕೆ ಮೋಸವಿಲ್ಲ. ಕಾರ್ಡು ನೋಡಿದ್ದರೆ ನೀನೇ ಕಕ್ಕಾಬಿಕ್ಕಿಯಾಗುತ್ತಿದ್ದೆ. ತಿಳಿಗುಲಾಬಿ ಬಣ್ಣ, ಬಂಗಾರದ ಅಂಚು, ಒಳಗೆ ನಾಲ್ಕು ಸಾಲಿನ ಪದ್ಯ. ‘ನಿನ್ನ ನಗುವೇ ನನ್ನ ಬೆಳಗು’ ಎಂದು ಶುರುವಾಗುತ್ತದೆ. ಪದ್ಯವೇ ಕಾರ್ಡು ತುಂಬಾ ಇತ್ತು, ಆದರೂ ನೀನು ಹೇಳಿದ್ದೆಲ್ಲ ಅದರಲ್ಲಿ ಬಂತು ಎಂದುಕೋ.

ಅತ್ತಿಗೆ ಕೆಲಸದಿಂದ ಆಗಷ್ಟೇ ಬಂದಿದ್ದರು, ಕಟ್ಟು ಹಲ್ಲು ಮಾಡುವ ಲ್ಯಾಬಿನ ಬಿಳಿ ಕೋಟು ಇನ್ನೂ ಮೈಮೇಲೇ ಇತ್ತು. ಬಾಗಿಲಲ್ಲೇ ನಿಂತು ಓದಿದರು, ಎರಡು ಸಲ ಓದಿದರು.

“ಇದನ್ನ ಅವರೇ ಹೇಳಿದ್ರಾ?” ಎಂದು ಕೇಳಿದರು.

“ಹೂಂ ಅತ್ತಿಗೆ, ಅವನೇ,” ಅಂದೆ.

“ಸರಿ,” ಅಂದರು. ಒಳಗೆ ಕರೆದು ಟೀ ಕೊಟ್ಟರು. ಹೂವನ್ನು ಕಿಟಕಿಯ ಹತ್ತಿರ ಇಟ್ಟರು. ಖುಷಿಯಾಗಿದೆ ಎಂದೇ ನನಗೆ ಅನ್ನಿಸಿತು. ಅವರೇನು ಕುಣಿಯುವ ಜಾತಿಯವರಲ್ಲ, ನಿನಗೆ ಗೊತ್ತಲ್ಲ.

ತಂಗಿ


ಫೆಬ್ರವರಿ 24

ಗುಬ್ಬಿ,

ಬಂಗಾರದ ಅಂಚು ಬೇಕಿರಲಿಲ್ಲ. ಸಾದಾ ಎಂದು ಬರೆದಿದ್ದೆ. ಹೋಗಲಿ.

ಚಿಲಕದ ಬಗ್ಗೆ ಏನಾದರೂ ಹೇಳಿದಳಾ? ನಾನು ಅದರಲ್ಲಿ ಒಂದು ಪ್ರಶ್ನೆ ಕೇಳಿದ್ದೆ. ಉತ್ತರ ನಿನ್ನ ಹತ್ತಿರ ಹೇಳಿರಬಹುದು ಎಂದುಕೊಂಡೆ.

ಲ್ಯಾಬಿನಲ್ಲಿ ಅವಳನ್ನು ಮೇಲ್ವಿಚಾರಕಿ ಮಾಡಿದ್ದಾರೆ ಎಂದು ನಮ್ಮ ಹಳೆಯ ಫೋರ್‌ಮನ್ ಹೇಳಿದ. ಅವನು ಅಲ್ಲಿಯೇ ಹಲ್ಲಿನ ಸೆಟ್ಟು ಮಾಡಿಸಿಕೊಂಡನಂತೆ. ಇದಕ್ಕೂ ಹೂವು ಕಳಿಸು. ಒಳಗೆ:

‘ನಿನಗೆ ಇದು ಎಂಟು ವರ್ಷ ಮುಂಚೆಯೇ ಸಿಗಬೇಕಿತ್ತು. ಅವರಿಗೆ ಕಣ್ಣಿರಲಿಲ್ಲ. ಹಲ್ಲಿನ ಸೆಟ್ಟು ತೇಯುವಾಗ ಮಾಸ್ಕು ಹಾಕಿಕೋ. ಮೇಲ್ವಿಚಾರಕಿಯಾದೆ ಎಂದು ಬಿಡಬೇಡ. ಆ ಪುಡಿ ಎದೆಗೆ ಹೋದರೆ ನಿನ್ನ ಕೆಮ್ಮು ಬೆಳಗಿನವರೆಗೆ ನಿಲ್ಲುವುದಿಲ್ಲ.’

ಅಣ್ಣ


ಮಾರ್ಚ್ 10

ಅಣ್ಣ,

ಚಿಲಕದ ಬಗ್ಗೆ ಏನೂ ಹೇಳಲಿಲ್ಲ. ಹೇಳಿದರೆ ತಿಳಿಸುತ್ತೇನೆ. ಹೆಂಗಸರು ಹುಟ್ಟುಹಬ್ಬದ ದಿನ ಚಿಲಕದ ಮಾತಾಡುವುದಿಲ್ಲ ಮಾರಾಯ.

ಬಡ್ತಿಯ ಹೂವು ತಲುಪಿತು. ಕೆಂಪು ಗ್ಲಾಡಿಯೋಲಸ್, ನೆಟ್ಟಗೆ ನಿಲ್ಲುವಂಥವು. ಕಾರ್ಡಿನ ಮೇಲೆ ಹಿಮದ ಬೆಟ್ಟ, ತುದಿಯಲ್ಲಿ ಬಾವುಟ ಹಿಡಿದ ಮನುಷ್ಯ, ಒಳಗೆ ‘ಯಶಸ್ಸಿನ ಶಿಖರಗಳು ನಿನಗಾಗಿ ಕಾದಿವೆ’. ಇದು ನಮ್ಮಲ್ಲಿ ಬಿಸಿಬಿಸಿಯಾಗಿ ಖರ್ಚಾಗುವ ಕಾರ್ಡು. ಕೊನೆಯ ಒಂದನ್ನು ನಿನಗೆಂದೇ ಪಕ್ಕಕ್ಕಿಟ್ಟಿದ್ದೆ.

ಈ ಸಲ ಲ್ಯಾಬಿಗೇ ಹೋಗಿದ್ದೆ. ಮೇಜಿನ ತುಂಬ ಮೇಣದ ಒಸಡು, ತಟ್ಟೆಯಲ್ಲಿ ಸಾಲಾಗಿ ಹಲ್ಲುಗಳು, ಯಾರೋ ನಗುತ್ತಾ ಎದ್ದು ಹೋದ ಹಾಗಿತ್ತು. ಅತ್ತಿಗೆ ಕಾರ್ಡು ಓದಿ ಮಡಚಿ, “ನಾನು ದಿನಾ ಹಲ್ಲು ಮಾಡ್ತೀನಿ ಕಣೇ. ಹುಟ್ಟಿದ ಹಲ್ಲು ಯಾವ್ದು, ಕಟ್ಟಿಸಿದ ಹಲ್ಲು ಯಾವ್ದು ಅಂತ ದೂರದಿಂದಲೇ ಹೇಳ್ತೀನಿ,” ಅಂದರು. ಕೆಲಸದ ಮೇಲೆ ಅವರಿಗೆ ಎಷ್ಟು ಅಭಿಮಾನ ನೋಡು. ಬಡ್ತಿ ಸುಮ್ಮನೆ ಬಂದಿಲ್ಲ.

ಏಪ್ರಿಲ್ ಹನ್ನೊಂದು ನಿಮ್ಮ ಮದುವೆಯ ದಿನ. ಮರೆಯಬೇಡ.

ತಂಗಿ


ಮಾರ್ಚ್ 29

ಗುಬ್ಬಿ,

ಮರೆತಿಲ್ಲ. ಎರಡನೆಯ ಲಿಫ್ಟು ಓಡಿತು.

ಇದನ್ನು ಬರೆಯಲು ನನಗೆ ಒಂಬತ್ತು ದಿನ ಹಿಡಿಯಿತು. ದಯವಿಟ್ಟು ಸಾದಾ ಕಾರ್ಡು ತೆಗೆದುಕೋ, ಒಳಗೆ ಏನೂ ಅಚ್ಚಾಗಿರಬಾರದು. ಅಕ್ಷರ ದೊಡ್ಡದಾಗಿರಲಿ, ಅವಳು ಕನ್ನಡಕ ಹುಡುಕುವ ಮುಂಚೆ ಓದುತ್ತಾಳೆ.

‘ಇಪ್ಪತ್ತೆರಡು ವರ್ಷ. ವರ್ಗಾವಣೆಯ ಕಾಗದಕ್ಕೆ ಸಹಿ ಹಾಕುವ ಮುಂಚೆ ನಿನ್ನನ್ನು ಕೇಳಬೇಕಿತ್ತು. ನೀನು ಬೇಡ ಅಂದರೆ ಏನು ಮಾಡುವುದು ಎಂಬ ಹೆದರಿಕೆಗೆ ಕೇಳಲಿಲ್ಲ. ಸಹಿ ಹಾಕಿ ಹದಿನಾಲ್ಕು ದಿನ ನಿನ್ನ ಎದುರಿಗೆ ಕೂತು ಊಟ ಮಾಡಿದೆ, ಹೇಳಲಿಲ್ಲ. ತಪ್ಪು ನನ್ನದು. ಇದನ್ನು ತಡವಾಗಿ ಹೇಳುತ್ತಿರುವುದೂ ತಪ್ಪು.’

ಇದರಲ್ಲಿ ಏನನ್ನೂ ಬದಲಿಸಬೇಡ.

ಅಣ್ಣ


ಏಪ್ರಿಲ್ 14

ಅಣ್ಣ,

ನಿನ್ನ ಪತ್ರ ಓದಿ ನನಗೆ ಅಳು ಬಂತು. ಅಷ್ಟೆಲ್ಲ ಒಳಗಿಟ್ಟುಕೊಂಡಿದ್ದೀಯ ಎಂದು ಗೊತ್ತಿರಲಿಲ್ಲ.

ಆ ದಿನ ಇಪ್ಪತ್ತೆರಡು ಕೆಂಪು ಗುಲಾಬಿ ಕೊಟ್ಟೆ, ಎಣಿಸಿ ಕೊಟ್ಟೆ. ಕಾರ್ಡಿಗೆ ಮದುವೆಯ ದಿನದ ಸಾಲನ್ನು ಬಿಟ್ಟು ಕ್ಷಮೆಯ ಸಾಲಿಗೆ ಹೋದೆ. ಅಲ್ಲೊಂದು ನಾಯಿಮರಿ ಇದೆ, ಕಿವಿ ಜೋತುಬಿಟ್ಟು ಕತ್ತೆತ್ತಿ ನೋಡುತ್ತದೆ, ಕುತ್ತಿಗೆಯಲ್ಲಿ ‘ಕ್ಷಮಿಸುತ್ತೀಯಾ?’ ಎಂಬ ಪಟ್ಟಿ. ಅದನ್ನು ನೋಡಿ ಕರಗದೇ ಇರುವವರನ್ನು ನಾನು ಕಂಡಿಲ್ಲ. ವಿಷಯ ನಿನ್ನದೇ, ಮುಖ ಮಾತ್ರ ನಾಯಿಮರಿಯದು.

ಅತ್ತಿಗೆ ನಕ್ಕರು. ನಿಜವಾಗಿ ನಕ್ಕರು, ಕುರ್ಚಿಯಲ್ಲಿ ಕೂತು ನಕ್ಕರು. ಎಷ್ಟು ದಿನದ ಮೇಲೆ ಅವರ ನಗು ಕೇಳಿದೆ.

ಇನ್ನೊಂದು ಮಾತು, ಹೇಳಬೇಕೋ ಬೇಡವೋ ಗೊತ್ತಿಲ್ಲ. ಮನೆಯ ಬಾಡಿಗೆ ಕರಾರು ಜೂನ್ ಮೂವತ್ತಕ್ಕೆ ಮುಗಿಯುತ್ತದಂತೆ. ಮುಂದುವರಿಸುತ್ತೀರಾ ಎಂದು ಕೇಳಿದೆ. “ನೋಡೋಣ,” ಅಂದರು.

ತಂಗಿ


ಮೇ 2

ಗುಬ್ಬಿ,

ನಾಯಿಮರಿ ಯಾಕೆ? ಒಳಗಿನ ಮಾತು ನನ್ನದೇ ತಾನೇ ಎಂದು ಸಮಾಧಾನ ಮಾಡಿಕೊಂಡೆ.

ಮೂರು ವಾರ ಕಾದೆ. ಅವಳಿಂದ ಒಂದು ಸಾಲೂ ಬರಲಿಲ್ಲ. ಅದನ್ನು ಓದಿದ ಮೇಲೂ ನಕ್ಕಳು ಎನ್ನುತ್ತೀಯ. ಅದು ನಗುವ ಮಾತಾಗಿರಲಿಲ್ಲ. ನನ್ನ ಜೀವನದಲ್ಲಿ ಅದಕ್ಕಿಂತ ದೊಡ್ಡ ಮಾತು ನಾನು ಯಾರಿಗೂ ಹೇಳಿಲ್ಲ, ಹೇಳುವುದಕ್ಕೆ ನನ್ನ ಹತ್ತಿರ ಇನ್ನು ಉಳಿದೂ ಇಲ್ಲ. ಅವಳ ಮನಸ್ಸಿನಲ್ಲಿ ಮುಗಿದಿದೆ ಎಂದು ಅರ್ಥಮಾಡಿಕೊಂಡೆ.

ಮನೆ ಬಿಡುವುದಾದರೆ ಬಿಡಲಿ. ಯಾವ ಕಾಗದ ಕಳಿಸಿದರೂ ಸಹಿ ಹಾಕುತ್ತೇನೆ. ಅವಳನ್ನು ಇನ್ನೂ ಎಳೆದಾಡುವುದು ಸರಿಯಲ್ಲ. ಇನ್ನು ಹೂವು ಬೇಡ.

ಅಣ್ಣ


ಮೇ 9

ಅಣ್ಣ,

ಸಹಿ ಹಾಕಬೇಡ. ಯಾಕೆಂದು ಆಮೇಲೆ ಬರೆಯುತ್ತೇನೆ. ಯಾವುದಕ್ಕೂ ಹಾಕಬೇಡ.

ತಂಗಿ


ಮೇ 18

ಗುಬ್ಬಿ,

ವಕೀಲರ ಕಾಗದ ಮೊನ್ನೆ ಬಂತು. ಬೇರೆಯಾಗುವುದಕ್ಕೆ ನನ್ನ ಒಪ್ಪಿಗೆ ಕೇಳಿದ್ದಾರೆ. ಜೂನ್ ಮೂವತ್ತರೊಳಗೆ ಸಹಿ ಮಾಡಿ ಕಳಿಸಬೇಕು.

ಜೊತೆಗೆ ಅವಳ ಕೈಬರಹದ ಚೀಟಿ. ಇದ್ದದ್ದನ್ನು ಹಾಗೆಯೇ ಬರೆಯುತ್ತೇನೆ: ‘ಮೂರು ವರ್ಷ ಸುಮ್ಮನಿದ್ದಿರಿ, ಅದನ್ನು ತಡೆದುಕೊಂಡೆ. ಆದರೆ ಅಂಗಡಿಯ ಮಾತು ಕಳಿಸಬೇಡಿ. ಅದರಲ್ಲಿ ನೀವೆಲ್ಲಿದ್ದೀರಿ ಎಂದು ಹುಡುಕಿ ಹುಡುಕಿ ಸಾಕಾಯಿತು.’

ಅಂಗಡಿಯ ಮಾತು ಎಂದರೇನು? ನಾನು ಚಿಲಕದ ವಿಷಯ ಬರೆದೆ. ಮಾಸ್ಕಿನ ವಿಷಯ ಬರೆದೆ. ನನ್ನ ತಪ್ಪು ಬರೆದೆ. ಇವುಗಳಲ್ಲಿ ಯಾವುದು ಅಂಗಡಿಯದು?

ಬೇಗ ಉತ್ತರಿಸು.

ಅಣ್ಣ


ಮೇ 24

ಅಣ್ಣ,

ಒಂದನ್ನೂ ಬರೆಯಲಿಲ್ಲ. ಚಿಲಕವನ್ನೂ ಇಲ್ಲ, ಮಾಸ್ಕನ್ನೂ ಇಲ್ಲ, ಆ ಕೊನೆಯದನ್ನೂ ಇಲ್ಲ. ಮೂರೂ ಕಾರ್ಡಿನಲ್ಲಿ ಅಚ್ಚಾಗಿದ್ದ ಮಾತು, ಕೆಳಗೆ ‘ನಿನ್ನವನು’ ಎಂದು ನನ್ನ ಕೈಬರಹ. ಅಷ್ಟೇ ಅವರಿಗೆ ತಲುಪಿದ್ದು.

ಯಾಕೆ ಎಂದು ಕೇಳುತ್ತೀಯ. ಮೊದಲನೆಯ ಸಲ ನಾಚಿಕೆಯಾಯಿತು. ಹುಟ್ಟುಹಬ್ಬದ ಕಾರ್ಡಿನಲ್ಲಿ ಚಿಲಕ ಎಂದು ಬರೆಯುವ ಗಂಡ ನನ್ನ ಅಣ್ಣ ಎಂದು ಅಂಗಡಿಯಲ್ಲಿ ಯಾರಿಗೂ ಗೊತ್ತಾಗಬಾರದು ಅನ್ನಿಸಿತು. ಎರಡನೆಯ ಸಲ, ಮೊದಲನೆಯದು ಚೆನ್ನಾಗಿ ನಡೆಯಿತು ಎಂಬ ಭ್ರಮೆ. ಮೂರನೆಯ ಸಲ ನಿನ್ನ ಮಾತು ಓದಿ ಅತ್ತೆ, ಅತ್ತೂ ಬರೆಯಲಿಲ್ಲ. ಮದುವೆಯ ದಿನ ಗುಲಾಬಿಯ ನಡುವೆ ‘ತಪ್ಪು ನನ್ನದು’ ಎಂದು ಓದಿದರೆ ಹಳೆಯ ಗಾಯ ಕೆದಕಿದ ಹಾಗಾಗುತ್ತದೆ, ನಾಯಿಮರಿಯಾದರೆ ಮೆತ್ತಗೆ ಹೇಳುತ್ತದೆ ಎಂದುಕೊಂಡೆ. ನನಗೇ ಎಲ್ಲ ಗೊತ್ತು ಎಂಬ ಜಂಭ.

ನಿಜ ಹೇಳಲಾ? ಆ ಕಾರ್ಡುಗಳನ್ನು ನಾನು ಅತ್ತಿಗೆಗೆ ಆರಿಸಲಿಲ್ಲ, ನನಗೇ ಆರಿಸಿಕೊಂಡೆ. ಬಂಗಾರದ ಅಂಚಿನ ಪದ್ಯ ನನಗೆ ಯಾರಾದರೂ ಕೊಟ್ಟಿದ್ದರೆ ನಾನು ಅದನ್ನು ಎದೆಗೆ ಒತ್ತಿಕೊಂಡು ಮಲಗುತ್ತಿದ್ದೆ. ನನ್ನ ನಲವತ್ತೊಂದು ವರ್ಷದಲ್ಲಿ ಒಬ್ಬರೂ ಕೊಟ್ಟಿಲ್ಲ. ದಿನಕ್ಕೆ ಮೂವತ್ತು ಕಾರ್ಡನ್ನು ಬೇರೆಯವರ ಮನೆಗೆ ಕಳಿಸುತ್ತೇನೆ. ಎಲ್ಲರಿಗೂ ಅದೇ ಬೇಕು ಎಂದುಕೊಂಡುಬಿಟ್ಟೆ.

ಅವತ್ತು ಅತ್ತಿಗೆ ನಕ್ಕರು ಎಂದು ಬರೆದೆನಲ್ಲ, ನಗು ನಿಂತ ಮೇಲೆ ಅವರು ಹೇಳಿದ್ದನ್ನು ಬರೆಯಲಿಲ್ಲ. “ಇಪ್ಪತ್ತೆರಡು ವರ್ಷ ಸಂಸಾರ ಮಾಡಿದ್ದಕ್ಕೆ ಒಂದು ನಾಯಿಮರಿ,” ಅಂದರು. ನಾನು ಟೀ ಲೋಟ ತೊಳೆದಿಟ್ಟು ಬಂದೆ.

ಯಜಮಾನಿಗೆ ಎಲ್ಲವನ್ನೂ ಹೇಳಿದೆ. ಬೈಯುತ್ತಾರೆ ಎಂದುಕೊಂಡಿದ್ದೆ, ಬೈಯಲಿಲ್ಲ. “ಗಿರಾಕಿ ಹೇಳಿದ್ದು ಚೆನ್ನಾಗಿಲ್ಲ ಅಂತ ನಮಗೆ ಅನ್ಸುತ್ತೆ. ಅದನ್ನ ಓದೋರು ನಾವಲ್ಲ ಕಣಮ್ಮ,” ಅಂದರು. ಇವತ್ತಿನಿಂದ ನಾನು ಮತ್ತೆ ಬೊಕೆ ಸುತ್ತುವ ಮೇಜಿಗೆ.

ನಿನ್ನ ಮೂರೂ ಪತ್ರ ನನ್ನ ಹತ್ತಿರ ಭದ್ರವಾಗಿವೆ. ಒಪ್ಪಿಗೆ ಕೊಡು, ನಾಳೆಯೇ ತೆಗೆದುಕೊಂಡು ಹೋಗಿ ಅತ್ತಿಗೆಯ ಮುಂದಿಟ್ಟು ಕಾಲು ಹಿಡಿಯುತ್ತೇನೆ. ಹೊಟ್ಟೆಗೆ ಹಾಕಿಕೋ ಎಂದು ಕೇಳುವ ಮುಖ ನನಗಿಲ್ಲ.

ತಂಗಿ


ಜೂನ್ 1

ಗುಬ್ಬಿ,

ನೀನು ಹೋಗಬೇಡ. ಪತ್ರಗಳನ್ನೂ ಕೊಡಬೇಡ.

ನಿನ್ನ ಪತ್ರ ಓದಿದ ದಿನ ಕೆಲಸಕ್ಕೆ ಹೋಗಲಿಲ್ಲ. ತಲೆ ಬೇರೆಲ್ಲೋ ಇದ್ದರೆ ಲಿಫ್ಟಿನ ಗುಂಡಿಯೊಳಗೆ ಇಳಿಯಬಾರದು. ನನಗೆ ನಿನ್ನ ಮೇಲೆ ಇಷ್ಟು ಸಿಟ್ಟು ಯಾವತ್ತೂ ಬಂದಿರಲಿಲ್ಲ. ಈಗಲೂ ಇದೆ. ಏನನ್ನೂ ಬದಲಿಸಬೇಡ ಎಂದು ಬರೆದಿದ್ದೆ.

ಒಂಬತ್ತು ದಿನ ಕೂತು ಬರೆದದ್ದನ್ನು ಅವಳು ಓದಿ ನಕ್ಕಳು ಎಂದು ನಂಬಿ ಒಂದು ತಿಂಗಳು ಬದುಕಿದೆ. ಅದು ಹೇಗಿತ್ತು ಎಂದು ನಿನಗೆ ಹೇಳಲಾರೆ. ಅವಳು ಅಲ್ಲಿ, ನಾನೊಂದು ನಾಯಿಮರಿಯನ್ನು ಕಳಿಸಿ ಕೈತೊಳೆದುಕೊಂಡೆ ಎಂದು ನಂಬಿ ಬದುಕಿದಳು.

ಸಿಟ್ಟು ಸ್ವಲ್ಪ ಇಳಿದ ಮೇಲೆ ಇನ್ನೊಂದು ಹೊಳೆಯಿತು. ಮೂರು ವರ್ಷದ ಹಿಂದೆ ಅವಳನ್ನು ಕೇಳದೆ ಸಹಿ ಹಾಕಿದೆ. ಈಗ ಅವಳಿಗೆ ಹೇಳಬೇಕಾದ್ದನ್ನು ನಿನಗೆ ಹೇಳಿದೆ. ಎರಡು ಸಲವೂ ಅವಳ ಮುಖ ನೋಡುವುದನ್ನು ತಪ್ಪಿಸಿಕೊಂಡೆ. ನೀನು ಮೂಗು ತೂರಿಸಿದೆ, ಸರಿ. ಜಾಗ ಮಾಡಿಕೊಟ್ಟವನು ನಾನು.

ಹನ್ನೊಂದನೇ ತಾರೀಕು ರಜೆ ಹಾಕಿದ್ದೇನೆ. ಅವಳಿಗೆ ಎರಡು ಸಾಲು ಬರೆದು ತಿಳಿಸಿದ್ದೇನೆ. ‘ಪ್ರೀತಿಯ’ ಹಾಕಲಿಲ್ಲ, ಏನೂ ಹಾಕಲಿಲ್ಲ, ಸೀದಾ ವಿಷಯ ಬರೆದೆ. ಬರಬಹುದು ಎಂದು ಉತ್ತರ ಬಂದಿದೆ.

ಅವತ್ತು ನೀನು ಆ ಕಡೆ ಬರಬೇಡ.

ಅಣ್ಣ


ಜೂನ್ 15

ಗುಬ್ಬಿ,

ಬಂದು ಹೋದೆ. ಅಂಗಡಿಗೆ ಬರಲಿಲ್ಲ. ನಿನ್ನನ್ನು ನೋಡಲು ಮನಸ್ಸಾಗಲಿಲ್ಲ, ಸುಳ್ಳು ಹೇಳುವುದಿಲ್ಲ. ಆದರೂ ನಡೆದದ್ದನ್ನು ತಿಳಿಯುವ ಹಕ್ಕು ನಿನಗೆ ಇದೆ ಎನ್ನಿಸಿ ಬರೆಯುತ್ತಿದ್ದೇನೆ.

ಅವಳು ಸಾಮಾನು ಕಟ್ಟುತ್ತಿದ್ದಳು. ಮನೆಯನ್ನು ಮಾಲೀಕರು ಬೇರೆಯವರಿಗೆ ಕೊಟ್ಟಾಗಿದೆ. ಇನ್ನೊಂದು ಊರಿನಲ್ಲಿ ದೊಡ್ಡ ಲ್ಯಾಬು ಅವಳನ್ನು ಕರೆದಿದೆ, ಇಪ್ಪತ್ತೆಂಟಕ್ಕೆ ಹೊರಡುತ್ತಾಳೆ. ನನಗೆ ಸ್ಟೂಲು ಕೊಟ್ಟಳು, ತಾನು ಪೆಟ್ಟಿಗೆಯ ಮೇಲೆ ಕೂತಳು. ಅರ್ಧ ಗಂಟೆ ನಾನು ಹೂಂ ಎಂಬುದನ್ನು ಬಿಟ್ಟು ಏನೂ ಹೇಳಲಿಲ್ಲ. ದಾರಿಯುದ್ದಕ್ಕೂ ಬಾಯಿಪಾಠ ಮಾಡಿಕೊಂಡು ಬಂದದ್ದೆಲ್ಲ ಬಾಗಿಲಲ್ಲೇ ಮರೆತುಹೋಗಿತ್ತು. ಆಮೇಲೆ ನಿನ್ನ ವಿಷಯ ಹೇಳಿದೆ, ಕಾರ್ಡಿನಲ್ಲಿದ್ದದ್ದು ನನ್ನ ಮಾತಲ್ಲ ಎಂದೆ.

“ಹಾಗಾದ್ರೆ ನೀವು ಏನು ಬರೆಯೋಕೆ ಹೇಳಿದ್ರಿ?” ಎಂದು ಕೇಳಿದಳು.

ಹೇಳಿದೆ. ಮೂರನ್ನೂ ಹೇಳಿದೆ. ಮೂರನೆಯದರಲ್ಲಿ ಎರಡು ಕಡೆ ನಿಂತುಹೋಯಿತು, ಅವಳು ಕಾದಳು.

ಕೇಳಿ ಮುಗಿಸಿ, “ಫೆಬ್ರವರಿಯಲ್ಲಿ ಆ ಚಿಲಕದ ಮಾತೊಂದು ಬಂದಿದ್ರೆ ನಾನು ವಕೀಲರ ಹತ್ರ ಹೋಗ್ತಿರಲಿಲ್ಲ,” ಅಂದಳು. ಅಷ್ಟು ಹೇಳಿ ಅತ್ತಳು. ನಾನು ಪಕ್ಕದ ಪೆಟ್ಟಿಗೆಗೆ ಹಗ್ಗ ಕಟ್ಟಿದೆ.

ಹೊರಡುವಾಗ ಕೇಳಿದೆ, “ನಮ್ಮ ಕಂಪನಿಯದು ನೀನು ಹೋಗೋ ಊರಲ್ಲೂ ಕೆಲಸ ಇದೆ. ನಾನು ಅಲ್ಲಿಗೆ ವರ್ಗ ಕೇಳಲಾ?”

“ಇನ್ನೂ ಕೇಳಿಲ್ವಾ?” ಅಂದಳು.

“ನಿನ್ನ ಕೇಳದೆ ಹೇಗೆ ಕೇಳಲಿ?” ಅಂದೆ.

ಅವಳು ನನ್ನ ಮುಖವನ್ನೇ ನೋಡಿದಳು. “ಈಗ ಹೇಳಲ್ಲ. ಯೋಚನೆ ಮಾಡಿ ಬರೀತೀನಿ. ವಕೀಲರ ಕಾಗದ ನಿಮ್ಮ ಹತ್ರಾನೇ ಇರಲಿ. ನನ್ನ ಉತ್ತರ ಬರೋವರೆಗೂ ಸಹಿ ಹಾಕಬೇಡಿ. ಹರಿಯಲೂ ಬೇಡಿ,” ಅಂದಳು.

ಕಾಗದ ನನ್ನ ಮೇಜಿನ ಮೇಲಿದೆ. ಎರಡನ್ನೂ ಮಾಡಿಲ್ಲ.

ಅಣ್ಣ


ಜೂನ್ 28

ಅಣ್ಣ,

ಇವತ್ತು ಮಧ್ಯಾಹ್ನ ಅತ್ತಿಗೆ ಅಂಗಡಿಗೆ ಬಂದಿದ್ದರು. ಸಾಮಾನು ಆಗಲೇ ಹೋಗಿತ್ತು, ಅವರ ಬಸ್ಸಿಗೆ ಇನ್ನೂ ಒಂದು ಗಂಟೆ ಇತ್ತು. ನಾನು ಕತ್ತರಿ ಹಿಡಿದು ಕಾಂಡ ಕತ್ತರಿಸುತ್ತಿದ್ದವಳು ಅವರನ್ನು ಕಂಡು ಹೂವಿನ ತಲೆಯನ್ನೇ ಕತ್ತರಿಸಿದೆ. ಅವರು ಸೀದಾ ಕಾರ್ಡಿನ ಗೋಡೆಗೆ ಹೋದರು. ಮೇಲಿನಿಂದ ಕೆಳಗಿನವರೆಗೆ ಒಂದೊಂದನ್ನೇ ತೆಗೆದು ಓದಿ ಮತ್ತೆ ಅಲ್ಲೇ ಇಟ್ಟರು, ಕ್ಷಮೆಯ ಸಾಲಿನವರೆಗೂ. ಕೊನೆಗೆ ಯಜಮಾನಿಯನ್ನು, “ಒಳಗೆ ಏನೂ ಇಲ್ಲದ್ದು ಇದೆಯಾ?” ಎಂದು ಕೇಳಿದರು. ಬಿಳಿಯ ಸಾದಾ ಕಾರ್ಡು ನಮ್ಮಲ್ಲಿ ಯಾರೂ ಕೇಳುವುದಿಲ್ಲ, ಯಜಮಾನಿ ಅಟ್ಟದಿಂದ ಧೂಳು ಕೊಡವಿ ತಂದುಕೊಟ್ಟರು.

ಕಿಟಕಿಯ ಪಕ್ಕದ ಸ್ಟೂಲಿನಲ್ಲಿ ಕೂತು ಬರೆದರು. ನಾನು ಆ ಕಡೆ ಬೆನ್ನು ಹಾಕಿ ನಿಂತೆ. ಬರೆದು ಮುಗಿಸಿ, ಕವರು ಅಂಟಿಸಿ, ನನ್ನ ಮೇಜಿಗೆ ಬಂದರು.

“ನಿನ್ನ ಮೇಲೆ ಸಿಟ್ಟಿದೆ. ಇನ್ನೂ ಸ್ವಲ್ಪ ದಿನ ಇರುತ್ತೆ,” ಅಂದರು.

“ಇರಲಿ ಅತ್ತಿಗೆ,” ಅಂದೆ.

“ಇದನ್ನ ಅವರಿಗೆ ಕಳಿಸು. ಪೋಸ್ಟಾಫೀಸು ನನಗೂ ಗೊತ್ತು. ಆದ್ರೂ ನೀನೇ ಕಳಿಸಬೇಕು.” ಕವರನ್ನು ನನ್ನ ಕೈಯಲ್ಲಿಟ್ಟು, ನನ್ನ ಮುಂಗೈಯನ್ನು ಒಂದು ಸಲ ಒತ್ತಿ ಹೋದರು. ಸಿಟ್ಟಿನಲ್ಲಿ ಒತ್ತಿದರೋ ಪ್ರೀತಿಯಲ್ಲೋ ತಿಳಿಯಲಿಲ್ಲ. ತಿಳಿಯುತ್ತದೆ ಎಂದು ಈಚೆಗೆ ನಾನು ಅಂದುಕೊಳ್ಳುವುದೂ ಇಲ್ಲ.

ನಮ್ಮ ಅಂಗಡಿಯ ಕವರುಗಳ ಅಂಟು ಸರಿಯಿಲ್ಲ. ಅರ್ಧ ಗಂಟೆಯೊಳಗೆ ಒಂದು ಮೂಲೆ ತಾನಾಗಿಯೇ ಎದ್ದು ನಿಂತಿತು. ಬೆರಳು ತೂರಿಸಿದ್ದರೆ ಸಾಕಿತ್ತು. ನನ್ನ ಬುದ್ಧಿ ನಿನಗೆ ಗೊತ್ತಲ್ಲ, ಪ್ರಾಣ ಹೋಗುವಷ್ಟು ಆಸೆಯಾಯಿತು. ಒಳ್ಳೆಯ ಸುದ್ದಿಯಾಗಿದ್ದರೆ ಕುಣಿಯಬಹುದು, ಕೆಟ್ಟದ್ದಾಗಿದ್ದರೆ ನಿನಗೆ ಮೊದಲೇ ಮೆತ್ತಗೆ ತಿಳಿಸಬಹುದು ಎಂದು ಯೋಚಿಸಿದೆ. ಮೆತ್ತಗೆ ಎಂಬ ಪದ ಮನಸ್ಸಿಗೆ ಬಂದದ್ದೇ ತಡ, ಬೊಕೆಯ ಟೇಪು ತೆಗೆದುಕೊಂಡು ಸುತ್ತಿಬಿಟ್ಟೆ. ಆರು ವರ್ಷ ಸುತ್ತಿದ ಕೈ, ಅದೊಂದನ್ನು ಸರಿಯಾಗಿ ಮಾಡುತ್ತದೆ.

ಇದರ ಜೊತೆ ಇಟ್ಟಿದ್ದೇನೆ. ಒಳಗೆ ಏನಿದೆಯೋ ನನಗೆ ಗೊತ್ತಿಲ್ಲ.

ತಂಗಿ


ಜುಲೈ 7

ಗುಬ್ಬಿ,

ಕವರು ತಲುಪಿತು. ಟೇಪು ಬಿಚ್ಚಲು ಕೇಬಲ್ ಕತ್ತರಿಸುವ ಕಟರ್ ತರಬೇಕಾಯಿತು.

ಇವತ್ತು ಬೆಳಿಗ್ಗೆ ಆಫೀಸಿಗೆ ಹೋಗಿ ಅವಳಿರುವ ಊರಿಗೆ ವರ್ಗಾವಣೆಯ ಅರ್ಜಿ ಕೊಟ್ಟೆ.

ಅವಳು ಏನು ಬರೆದಿದ್ದಾಳೆ ಎಂದು ನಿನಗೆ ಹೇಳುವುದಿಲ್ಲ. ಅದು ನನಗೆ ಬರೆದದ್ದು.

ಅಣ್ಣ